ಪಟ್ಟವೂ ಪಾದವೂ: ಕುಂದಾಪುರ, ಬ್ರಹ್ಮಾವರದ ಕ್ರೈಸ್ತ ಚರಿತ್ರೆಯಲ್ಲಿ ಅಹಂಕಾರ ಮತ್ತು ದೀನತೆ



ಪಾಪಗಳ ಲೆಕ್ಕ ಹಿಡಿಯುವಾಗ ಲೋಕದವರು ಮೊದಲು ಕಳವು, ವ್ಯಭಿಚಾರ, ಕೊಲೆಗಳ ಹೆಸರೆತ್ತುತ್ತಾರೆ. ಅವು ಕಣ್ಣಿಗೆ ಬೀಳುತ್ತವೆ, ಅವಕ್ಕೆ ಸಾಕ್ಷಿ ಸಿಗುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ಕ್ರೈಸ್ತ ಸನ್ಯಾಸಿಗಳ ಲೆಕ್ಕವೇ ಬೇರೆ. ಅವರಲ್ಲಿ ಒಬ್ಬನಾದ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಗುರುತಿಸಿದ. ಹೊಟ್ಟೆಬಾಕತನದಿಂದ ಶುರುವಾಗುವ ಆ ಸಾಲಿನಲ್ಲಿ ಕಾಮ, ಲೋಭ, ದುಃಖ, ಕೋಪ, ಜಡತೆಗಳು ಬಂದುಹೋದ ಮೇಲೆ ಕೊನೆಗೆ ಉಳಿಯುವವು ಎರಡು: ಕೀರ್ತಿಯ ಹಂಬಲ ಮತ್ತು ಅಹಂಕಾರ. ಅವು ಕೊನೆಯಲ್ಲಿ ಬರುವುದಕ್ಕೆ ಕಾರಣವಿದೆ. ಉಳಿದ ಆರು ದುರ್ಬಲನನ್ನು ಹಿಡಿಯುತ್ತವೆ. ಈ ಎರಡು ಆ ಆರನ್ನು ಗೆದ್ದವನನ್ನೇ ಹಿಡಿಯುತ್ತವೆ. ಉಪವಾಸ ಮಾಡಿ ಹೊಟ್ಟೆಯನ್ನು ಗೆದ್ದೆ ಎಂದುಕೊಂಡ ಗಳಿಗೆಯಲ್ಲೇ, ಗೆದ್ದೆ ಎಂಬ ಆ ಮಾತಿನ ಒಳಗೆ ಅಹಂಕಾರ ಬಂದು ಕೂತಿರುತ್ತದೆ. ಈ ಅನುಭವವನ್ನು ಪಶ್ಚಿಮದ ಕ್ರೈಸ್ತರಿಗೆ ತಲುಪಿಸಿದ ಕ್ಯಾಸಿಯನ್ ಕೀರ್ತಿಯ ಹಂಬಲವನ್ನು ಈರುಳ್ಳಿಗೆ ಹೋಲಿಸಿದ. ಒಂದು ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು ಸಿದ್ಧವಾಗಿರುತ್ತದೆ. ಮುಂದೆ ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಪಟ್ಟಿಯನ್ನು ಏಳಕ್ಕೆ ಇಳಿಸಿದಾಗ ಅಹಂಕಾರವನ್ನು ಅದರೊಳಗೆ ಸೇರಿಸಲೇ ಇಲ್ಲ. ಏಳೂ ಹುಟ್ಟುವ ಬೇರು ಅದು ಎಂದು ಪ್ರತ್ಯೇಕವಾಗಿ ಇಟ್ಟ.

ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯೊಂದಿದೆ. ದೇವಾಲಯಕ್ಕೆ ಇಬ್ಬರು ಪ್ರಾರ್ಥನೆಗೆ ಹೋಗುತ್ತಾರೆ, ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವ. ನಾವು ಈ ಕತೆಯನ್ನು ಎಷ್ಟು ಬಾರಿ ಕೇಳಿದ್ದೇವೆಂದರೆ ಫರಿಸಾಯ ಎಂದ ಕೂಡಲೇ ಕಪಟಿ ಎಂದು ತೀರ್ಮಾನಿಸಿಬಿಡುತ್ತೇವೆ. ಕತೆಯಲ್ಲಿ ಹಾಗಿಲ್ಲ. ಆತ ಸುಳ್ಳು ಹೇಳುವುದಿಲ್ಲ. ವಾರಕ್ಕೆ ಎರಡು ದಿನ ಉಪವಾಸ ಮಾಡುವುದು, ಆದಾಯದ ಹತ್ತರಲ್ಲಿ ಒಂದು ಪಾಲು ಕೊಡುವುದು, ಎಲ್ಲವೂ ನಿಜ. ಸಾಲದ್ದಕ್ಕೆ, ತನ್ನ ಸದ್ಗುಣಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವಷ್ಟು ಶಿಷ್ಟಾಚಾರವೂ ಆತನಲ್ಲಿದೆ. ಕೆಡುವುದು ಒಂದೇ ಕಡೆ: ಪ್ರಾರ್ಥಿಸುತ್ತ ಆತ ಪಕ್ಕದಲ್ಲಿ ನಿಂತವನ ಕಡೆ ನೋಡುತ್ತಾನೆ. ದೇವರ ಎದುರು ನಿಂತವನಿಗೆ ಅಳತೆಗೋಲಾಗಿ ಇನ್ನೊಬ್ಬ ಮನುಷ್ಯ ಬೇಕಾಗುತ್ತಾನೆ. ಅಲ್ಲಿಗೆ ಆತ ದೇವರ ಎದುರು ನಿಂತಿರುವುದು ಮುಗಿಯಿತು. ಸಂತ ಅಗಸ್ಟೀನ್ ಅಹಂಕಾರವನ್ನು ಪಾಪದ ಮೊದಲ ಹೆಜ್ಜೆ ಎಂದು ಕರೆದದ್ದು ಈ ಅರ್ಥದಲ್ಲೇ. ತನ್ನ ಆಧಾರವಾಗಿದ್ದವನನ್ನು ಬಿಟ್ಟು ತನಗೆ ತಾನೇ ಆಧಾರ ಎಂದುಕೊಳ್ಳುವ ಮನಸ್ಸಿಗೆ ಪ್ರಾರ್ಥನೆಯೂ ಕನ್ನಡಿಯಾಗುತ್ತದೆ.

ಯಕ್ಷಗಾನದ ಬಡಗುತಿಟ್ಟಿನ ನಮ್ಮ ಸೀಮೆಯವರಿಗೆ ಅಹಂಕಾರದ ಪರಿಚಯ ಆಗುವುದು ರಂಗಸ್ಥಳದಲ್ಲಿ. ಕೌರವನ ಒಡ್ಡೋಲಗಕ್ಕೆ ಚೆಂಡೆ ಎದ್ದಾಗ ಆತನ ಗರ್ವವನ್ನು ನಾವು ಆಸ್ವಾದಿಸುತ್ತೇವೆ, ಗದಾಯುದ್ಧದಲ್ಲಿ ತೊಡೆ ಮುರಿದು ಬಿದ್ದಾಗ ಮರುಗುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಛಲಕ್ಕೊಂದು ಸೌಂದರ್ಯವಿದೆ, ಅದನ್ನು ಕಾಣಿಸಿದ್ದು ಯಕ್ಷಗಾನದ ದೊಡ್ಡತನ. ಆದರೆ ಆ ಅಹಂಕಾರ ಕಿರೀಟ ಕಟ್ಟಿ, ಬಣ್ಣ ಬಳಿದು, ನಾನು ಇಂಥವನು ಎಂದು ಸಾರಿಕೊಂಡೇ ಬರುತ್ತದೆ. ಧಾರ್ಮಿಕನ ಅಹಂಕಾರಕ್ಕೆ ಇಂಥ ವೇಷವಿಲ್ಲ. ಅದು ನ್ಯಾಯದ ಹೆಸರಿನಲ್ಲಿ, ಸಂಪ್ರದಾಯದ ಹೆಸರಿನಲ್ಲಿ, ಹಕ್ಕಿನ ಹೆಸರಿನಲ್ಲಿ ಬರುತ್ತದೆ. ಅದಕ್ಕೇ ಅದನ್ನು ಗುರುತಿಸಲು ಚರಿತ್ರೆಯ ಸಹಾಯ ಬೇಕು. ಅಂಥ ಚರಿತ್ರೆಯೊಂದು ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಕಿರಿದಾದ ಪಟ್ಟಿಯಲ್ಲೇ ನಡೆದಿದೆ. ಅಲ್ಲಿಗೆ ಹೋಗುವ ಮುನ್ನ ದೀನತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು.

ದೀನತೆ ಎಂದರೆ ತನ್ನನ್ನು ತಾನು ಹಳಿದುಕೊಳ್ಳುವುದು ಎಂದು ಭಾವಿಸುವವರುಂಟು. ಯೊವಾನ್ನನ ಸುವಾರ್ತೆಯಲ್ಲಿ ಕಡೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯುವ ಭಾಗವನ್ನು ಗಮನವಿಟ್ಟು ಓದಿ. ತಾನು ಎಲ್ಲಿಂದ ಬಂದವನು, ಎಲ್ಲಿಗೆ ಹೋಗುವವನು, ತನ್ನ ಕೈಗೆ ಏನೇನು ಒಪ್ಪಿಸಲಾಗಿದೆ ಎಂಬುದನ್ನೆಲ್ಲ ಬಲ್ಲವನಾಗಿ ಎಂದು ಹೇಳಿದ ಮೇಲೆಯೇ ಸುವಾರ್ತಾಕಾರ ಆತನ ಸೊಂಟಕ್ಕೆ ಅಂಗವಸ್ತ್ರ ಕಟ್ಟಿಸುತ್ತಾನೆ. ತನ್ನ ಸ್ಥಾನವನ್ನು ಮರೆತವನು ಬಗ್ಗಿದ ಕತೆ ಇದಾಗಿದ್ದರೆ ಇಷ್ಟು ಪೀಠಿಕೆ ಬೇಕಿರಲಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನೂ ಇದನ್ನೇ ಹೇಳುತ್ತಾನೆ: ಕ್ರಿಸ್ತ ದೈವಸ್ಥಾನವನ್ನು ಬಿಗಿಹಿಡಿದುಕೊಳ್ಳಲಿಲ್ಲ, ಬರಿದುಮಾಡಿಕೊಂಡು ದಾಸನಾದ. ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲು ಕಟ್ಟಿದ, ಇಳಿದಷ್ಟೂ ಮೇಲೇರುವ ಮೆಟ್ಟಿಲು. ಆವಿಲಾದ ತೆರೇಸಾ ಅದನ್ನು ಇನ್ನೂ ಸರಳಗೊಳಿಸಿ, ಸತ್ಯದಲ್ಲಿ ನಡೆಯುವುದೇ ದೀನತೆ ಎಂಬ ಅರ್ಥದ ಮಾತು ಬರೆದಳು. ಇದ್ದುದಕ್ಕಿಂತ ಹೆಚ್ಚೆಂದು ಹೇಳಿಕೊಳ್ಳುವುದು ಹೇಗೆ ಸುಳ್ಳೋ, ಕಡಿಮೆಯೆಂದು ಹೇಳಿಕೊಳ್ಳುವುದೂ ಹಾಗೆಯೇ ಸುಳ್ಳು.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿಬಿಡುವಂತಿಲ್ಲ. ವಿನಯ ಕಲಿಸುವವರು ಯಾವಾಗಲೂ ಮೇಲಿನವರೇ, ಕಲಿಯಬೇಕಾದವರು ಕೆಳಗಿನವರೇ ಎಂಬುದು ಆ ಆಕ್ಷೇಪ. ಒಡೆಯನಿಗೆ ಒಕ್ಕಲು ವಿನಯದಿಂದಿರಬೇಕು. ಒಡೆಯನ ದೊಡ್ಡಸ್ತಿಕೆಯನ್ನು ಪ್ರಶ್ನಿಸಿದರೆ ಅಹಂಕಾರಿ ಎಂಬ ಪಟ್ಟ ಒಕ್ಕಲಿಗೇ. ಕರಾವಳಿಯ ಕ್ರೈಸ್ತರು ಈ ಆಕ್ಷೇಪದಿಂದ ಹೊರಗುಳಿದವರಲ್ಲ. ಗೋವೆಯಿಂದ ಕೆನರಾಕ್ಕೆ ಬಂದ ಕೊಂಕಣಿ ಕೆಥೊಲಿಕರು ದೀಕ್ಷಾಸ್ನಾನ ಪಡೆದ ಮೇಲೂ ಬಾಮ್ಣ, ಚಾರ್ಡಿ, ಶುದಿರ ಎಂಬ ಜಾತಿಭೇದಗಳನ್ನು ಕಳೆದುಕೊಳ್ಳಲಿಲ್ಲ. ಮದುವೆಯ ಮಾತುಕತೆಯಲ್ಲಿ ಅದು ತಲೆಮಾರುಗಳ ಕಾಲ ಉಳಿಯಿತು. ಹಿಟ್ಟಿನ ಒಂದೇ ಅಪ್ಪವನ್ನು ಒಂದೇ ಪೀಠದಿಂದ ಪಡೆದವರು ಮನೆಗೆ ಬಂದು ಜಾತಿ ಕೇಳುತ್ತಿದ್ದರು. ಇಂಥ ಸಮಾಜದಲ್ಲಿ ದೀನತೆಯ ಉಪದೇಶ ಕೆಳಗಿನವರ ಕಿವಿಗೆ ಮಾತ್ರ ಬಿದ್ದರೆ ಅದು ಸುವಾರ್ತೆಯಾಗದು. ಕಾಲು ತೊಳೆದವನು ಗುರು, ತೊಳೆಸಿಕೊಂಡವರು ಶಿಷ್ಯರು. ಬಾಗಬೇಕಾದದ್ದು ಯಾವ ಕಡೆಯಿಂದ ಎಂಬುದರಲ್ಲಿ ಆ ಕತೆ ಸಂದೇಹಕ್ಕೆ ಎಡೆ ಕೊಟ್ಟಿಲ್ಲ.

ಇನ್ನು ಚರಿತ್ರೆಗೆ ಬರೋಣ. ಬಸ್ರೂರು ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಂದರು. 1569ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. ಕುಂದಾಪುರದ ರೋಜರಿ ಮಾತೆಯ ಇಗರ್ಜಿ ತನ್ನ ಆರಂಭವನ್ನು 1570ಕ್ಕೆ ಗುರುತಿಸಿಕೊಳ್ಳುತ್ತದೆ. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ ಮೇಲೆ ಇಲ್ಲಿನ ಕ್ರೈಸ್ತರಿಗೆ ಪಾದ್ರಿಗಳು ಅಪರೂಪವಾದರು. 1678ರಲ್ಲಿ ಕೆಳದಿಯವರೊಂದಿಗೆ ಆದ ಒಪ್ಪಂದ ಕಲ್ಯಾಣಪುರವೇ ಮೊದಲಾದ ಕಡೆ ಇಗರ್ಜಿ ಕಟ್ಟಲು ಅನುಮತಿ ಕೊಟ್ಟಿತು. ಅನುಮತಿ ಸಿಕ್ಕಿತು, ಆದರೆ ಅಷ್ಟರಲ್ಲಿ ಇಗರ್ಜಿಯ ಒಳಗೇ ಬಿರುಕು ಬಿದ್ದಿತ್ತು.

ಆ ಬಿರುಕಿಗೆ ಪದ್ರೊವಾದೊ ಎಂದು ಹೆಸರು. ಪೂರ್ವದ ದೇಶಗಳಲ್ಲಿ ಬಿಷಪರನ್ನು ಸೂಚಿಸುವ ಹಕ್ಕನ್ನು ಪೋಪರು ಪೋರ್ಚುಗಲ್ಲಿನ ಅರಸನಿಗೆ ಕೊಟ್ಟಿದ್ದರು. ಪ್ರತಿಯಾಗಿ ಧರ್ಮಪ್ರಚಾರದ ಖರ್ಚು ಅರಸನದು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಎಂಬ ಧರ್ಮಪ್ರಚಾರ ಮಂಡಳಿ ಸ್ಥಾಪನೆಯಾಗಿ, ಪೋಪರು ನೇರವಾಗಿ ತಮ್ಮ ಪ್ರತಿನಿಧಿ ಬಿಷಪರನ್ನು ಕಳುಹಿಸತೊಡಗಿದರು. ಗೋವೆ ಅವರನ್ನು ಒಪ್ಪಲಿಲ್ಲ. ಇದು ಹಕ್ಕಿನ ಜಗಳ ಮಾತ್ರವಾಗಿದ್ದರೆ ವಕೀಲರು ಬಗೆಹರಿಸಬಹುದಿತ್ತು. ಅದರ ಅಡಿಯಲ್ಲಿ ಮೈಬಣ್ಣದ ಅಹಂಕಾರವೂ ಇತ್ತು. ಗೋವೆಯವನಾದ ಮತೇವುಸ್ ಡಿ ಕಾಸ್ಟ್ರೊ ಎಂಬಾತನಿಗೆ ಗೋವೆಯಲ್ಲಿ ಗುರುದೀಕ್ಷೆ ಸಿಗದೆ ಆತ ರೋಮಿಗೇ ಹೋಗಿ ದೀಕ್ಷೆ ಪಡೆದ, 1637ರಲ್ಲಿ ಬಿಷಪನಾದ. ಪೋರ್ಚುಗೀಸರಿಗೆ ಅದು ಸಹಿಸಲಾರದ ಅವಮಾನ. ಆತನ ಸಂಬಂಧಿ ತೊಮಾಸ್ ಡಿ ಕಾಸ್ಟ್ರೊ 1670ರ ದಶಕದಲ್ಲಿ ಪೋಪರ ಪ್ರತಿನಿಧಿಯಾಗಿ ಕೆನರಾಕ್ಕೆ ಬಂದ. ಹೀಗೆ ಮಂಗಳೂರಿನ ಕಡೆ ಪೋಪರ ಬಿಷಪ್, ಗೋವೆಯಲ್ಲಿ ಅರಸನ ಆರ್ಚ್‌ಬಿಷಪ್. ಯಾರ ಪಾದ್ರಿ ಕೊಟ್ಟ ಸಂಸ್ಕಾರ ಸಿಂಧು ಎಂದು ತಿಳಿಯದೆ ನಡುವೆ ಸಿಕ್ಕಿಬಿದ್ದವರು ಬೇಸಾಯಗಾರರು. ಈ ಜಗಳದ ನಡುವೆಯೇ, 1681ರಲ್ಲಿ, ಗೋವೆ ತನ್ನ ಕಡೆಯಿಂದ ಮೂವತ್ತು ವರ್ಷದ ಜುಜೆ ವಾಜ್ ಎಂಬ ಪಾದ್ರಿಯನ್ನು ಕೆನರಾದ ಮೇಲ್ವಿಚಾರಕನಾಗಿ ಕಳುಹಿಸಿತು.

ವಾಜ್ ಹುಟ್ಟಿದ್ದು 1651ರಲ್ಲಿ, ಗೋವೆಯ ಸಾಲ್ಸೆಟಿಯ ಬೆನೌಲಿಂನಲ್ಲಿ, ಕ್ರೈಸ್ತರಾದ ಬ್ರಾಹ್ಮಣ ಮನೆತನದಲ್ಲಿ. ಕೆನರಾಕ್ಕೆ ಬರುವ ನಾಲ್ಕು ವರ್ಷ ಮೊದಲು, 1677ರ ಆಗಸ್ಟ್ 5ರಂದು, ಸಾಂಕ್ವಾಲಿಯ ಇಗರ್ಜಿಯಲ್ಲಿ ಆತ ಒಂದು ಪತ್ರ ಬರೆದು ತನ್ನನ್ನು ಮರಿಯ ಮಾತೆಯ ಗುಲಾಮನೆಂದು ಒಪ್ಪಿಸಿಕೊಂಡಿದ್ದ. ಇವತ್ತಿನ ಓದುಗನಿಗೆ ಇದು ಭಕ್ತಿಯ ಅಲಂಕಾರವಾಗಿ ಕಾಣಬಹುದು. ಆದರೆ ಆ ಕಾಲದ ಗೋವೆಯಲ್ಲಿ ಗುಲಾಮರನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಮೇಲ್ಜಾತಿಯ ಮನೆಯ ಮಗನೊಬ್ಬ ಗುಲಾಮರ ಸಾಲಿನಲ್ಲಿ ತನ್ನ ಹೆಸರು ಬರೆದುಕೊಂಡಾಗ ಕೇಳಿದವರಿಗೆ ಮೈ ಜುಮ್ಮೆಂದಿರಬೇಕು.

ಕುಂದಾಪುರ ಆತನ ನೆಲೆಗಳಲ್ಲಿ ಒಂದು. ಸೌಪರ್ಣಿಕಾ, ಚಕ್ರಾ, ವಾರಾಹಿಗಳು ಗಂಗೊಳ್ಳಿಯಲ್ಲಿ ಕಡಲು ಸೇರುವ ಈ ಸೀಮೆಯಲ್ಲಿ ನಡೆದು ಹೋಗುವವನಿಗೆ ದೋಣಿಯ ಹಂಗು ತಪ್ಪದು. ಆತ ಬರಿಗಾಲಲ್ಲಿ ಊರೂರು ತಿರುಗಿ ಪಾಳುಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದ. ಪ್ರಾರ್ಥನೆಯ ವೇಳೆ ಆತ ನೆಲಬಿಟ್ಟು ಮೇಲೆದ್ದಿದ್ದನ್ನು ಕಂಡವರಿದ್ದರು ಎಂಬ ಐತಿಹ್ಯ ಕುಂದಾಪುರದ ಭಕ್ತರಲ್ಲಿ ಇಂದಿಗೂ ಇದೆ. ಅದನ್ನು ನಂಬುವವರ ನಂಬಿಕೆಗೆ ನನ್ನ ತಕರಾರಿಲ್ಲ. ಆದರೆ ಅದಕ್ಕಿಂತ ಕಷ್ಟದ ಕೆಲಸವನ್ನು ಆತ ಮಾಡಿದ್ದಾನೆಂದು ನನ್ನ ಅಭಿಪ್ರಾಯ. ತನ್ನನ್ನು ಕಳುಹಿಸಿದ ಗೋವೆಯ ಆಜ್ಞೆಯನ್ನು ಮೀರದೆ, ಎದುರು ಪಕ್ಷದ ಬಿಷಪನನ್ನು ಶತ್ರುವಾಗಿ ಕಾಣದೆ, ಜನರ ಮನಸ್ಸಿನ ಗೊಂದಲ ತಗ್ಗಿಸಲು ಆತ ಹೆಣಗಿದನೆಂದು ಆತನ ಚರಿತ್ರೆ ಬರೆದವರು ಹೇಳುತ್ತಾರೆ. ಪಕ್ಷದ ಅಧಿಕಾರಿಯಾಗಿ ಬಂದವನಿಗೆ ಪಕ್ಷ ಕಟ್ಟುವುದು ಸುಲಭ, ಅದಕ್ಕೆ ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು. ಜಗಳ ಆತನಿಂದ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. 1684ರಲ್ಲಿ ಆತ ಗೋವೆಗೆ ಮರಳಿದ.

ಮರುವರ್ಷ ಆತ ಸೇರಿಕೊಂಡದ್ದು ದೇಶೀ ಪಾದ್ರಿಗಳ ಒಂದು ಸಣ್ಣ ಬಳಗವನ್ನು. ಮುಂದೆ ಅದು ಗೋವೆಯ ಒರೆಟರಿ ಎಂದು ಹೆಸರಾಯಿತು. ಯುರೋಪಿನ ಸನ್ಯಾಸಿ ಸಭೆಗಳು ದೇಶೀಯರಿಗೆ ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ಬಳಗವದು. ಅದೇ ಬಳಗ ಬ್ರಾಹ್ಮಣ ಮೂಲದವರನ್ನು ಮಾತ್ರ ಸೇರಿಸಿಕೊಂಡಿತು. ಚಾರ್ಡಿ ಪಾದ್ರಿಗಳು ಬೇರೆ ಸಂಘ ಕಟ್ಟಿಕೊಳ್ಳಬೇಕಾಯಿತು. ಬಿಳಿಯರ ಅಹಂಕಾರದಿಂದ ನೊಂದವರು ತಮ್ಮ ಹೊಸ್ತಿಲಲ್ಲಿ ಅದನ್ನೇ ಇನ್ನೊಂದು ಅಳತೆಯಲ್ಲಿ ಹೂಡಿದರು. ಸಂತನ ಚರಿತ್ರೆ ಹೇಳುವಾಗ ಈ ಪುಟವನ್ನು ಮಗುಚಿ ಮುಂದೆ ಹೋಗುವ ಅಭ್ಯಾಸ ನಮ್ಮಲ್ಲಿದೆ. ಅದು ಸರಿಯಲ್ಲ. ಸಂತನೊಬ್ಬನ ದೀನತೆ ಆತನ ಸಂಸ್ಥೆಯನ್ನು ತನ್ನಷ್ಟಕ್ಕೆ ದೀನವಾಗಿಸುವುದಿಲ್ಲ.

1687ರಲ್ಲಿ ವಾಜ್ ಸಿಂಹಳಕ್ಕೆ ಹೋದ. ಅಲ್ಲಿ ಡಚ್ಚರು ಕೆಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರಿಂದ ಬೇಡುವವನ ವೇಷದಲ್ಲಿ ಇಳಿದ. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾದ. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ಅವರ ಮೈ ತೊಳೆದು, ಅನ್ನ ಉಣಿಸಿ, ಸತ್ತವರನ್ನು ಹೂಳಿದವರಲ್ಲಿ ಆತನೂ ಒಬ್ಬ. ಬಿಷಪನಾಗುವ ಪ್ರಸ್ತಾಪ ಬಂದಾಗ ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಆತನನ್ನು ಸಂತನೆಂದು ಘೋಷಿಸಿದರು.

ಪದ್ರೊವಾದೊ ಜಗಳ ಇನ್ನೂ ಇನ್ನೂರು ವರ್ಷ ಎಳೆಯಿತು. 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. ಅದರಂತೆ ಅದುವರೆಗೆ ಗೋವೆಯನ್ನೇ ನೆಚ್ಚಿಕೊಂಡಿದ್ದ ಕೆನರಾದ ಇಗರ್ಜಿಗಳು ಮಂಗಳೂರಿನ ಅಧೀನಕ್ಕೆ ಹೋಗಬೇಕಾಯಿತು. ಮೇಲೆ ಕೂತವರು ಕಾಗದದಲ್ಲಿ ಗೆರೆ ಎಳೆದರು. ತಲೆಮಾರುಗಳಿಂದ ಗೋವೆಯ ಪಾದ್ರಿಗಳನ್ನು ತಮ್ಮವರೆಂದುಕೊಂಡಿದ್ದ ಕುಟುಂಬಗಳನ್ನು ಯಾರೂ ಕೇಳಲಿಲ್ಲ. ಬ್ರಹ್ಮಾವರದ ಒಂದು ಗುಂಪು ಒಪ್ಪಲಿಲ್ಲ. ಅವರ ಜತೆ ನಿಂತವರು ರೋಕ್ ಜೆಫಿರಿನ್ ನೊರೊನ್ಹಾ ಎಂಬ ಪಾದ್ರಿ. ಅವರ ಹಿಂದೆ ಗೋವೆಯ ಪಾದ್ರಿ ಅಂತೊನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಅಲ್ವಾರಿಸ್. 1889ರಲ್ಲಿ ಕೇರಳದ ಮಲಂಕರ ಸಭೆಯ ಮೆತ್ರಾಪೊಲಿತರು, ಪರುಮಲೆಯ ಮಾರ್ ಗ್ರೆಗೋರಿಯೋಸ್ ಸಹಿತ, ಅಲ್ವಾರಿಸರಿಗೆ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಮೆತ್ರಾಪೊಲಿತ ಪಟ್ಟ ಕಟ್ಟಿದರು. ಬ್ರಹ್ಮಾವರದ ಆರ್ಥಡಾಕ್ಸ್ ಸಿರಿಯನ್ ಸಮುದಾಯದ ಬೇರು ಅಲ್ಲಿದೆ.

ಇಲ್ಲಿ ನಮ್ಮ ವಿಷಯ ಕಠಿಣವಾಗುತ್ತದೆ. ವಾಜ್ ಕೆಥೊಲಿಕ್ ಸಭೆಯಲ್ಲೇ ಉಳಿದ, ಅಲ್ವಾರಿಸ್ ಹೊರನಡೆದರು. ಹಾಗಾದರೆ ಮೊದಲನೆಯದು ದೀನತೆ, ಎರಡನೆಯದು ಅಹಂಕಾರವೆ? ಕೆಥೊಲಿಕ್ ಬರಹಗಳಲ್ಲಿ ಬಹುಕಾಲ ಹಾಗೇ ಕಂಡಿತು. ವಿಧೇಯತೆಯನ್ನು ದೀನತೆಯ ಪೂರ್ತಿ ಅರ್ಥವೆಂದು ಹಿಡಿದರೆ ಬೇರೆ ತೀರ್ಪು ಸಾಧ್ಯವಿಲ್ಲ. ಆದರೆ ಆತ್ಮಸಾಕ್ಷಿಯ ನಿಲುವೂ ಹಟವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ವಿಧೇಯತೆಯೂ ಅಷ್ಟೆ, ಅದು ಭಕ್ತಿಯಿಂದ ಬಂದಿರಬಹುದು, ಹೆದರಿಕೆಯಿಂದಲೂ ಬಂದಿರಬಹುದು, ಬಡ್ತಿಯ ಆಸೆಯಿಂದಲೂ ಬಂದಿರಬಹುದು. ಮನುಷ್ಯ ಯಾವ ಕಡೆ ನಿಂತ ಎಂಬುದಕ್ಕಿಂತ, ನಿಂತ ಮೇಲೆ ಕೈಗೆ ಬಂದ ಪಟ್ಟವನ್ನು ಏನು ಮಾಡಿದ ಎಂಬುದರಲ್ಲಿ ಗುರುತು ಹಿಡಿಯಬೇಕು ಎಂದು ನನಗೆ ತೋರುತ್ತದೆ.

ಅಲ್ವಾರಿಸರು ಪಟ್ಟದಿಂದ ಸುಖಪಟ್ಟವರಲ್ಲ. ಗೋವೆಯಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಅವರನ್ನು ಹಿಡಿದು, ಧರ್ಮಾಧ್ಯಕ್ಷನ ಉಡುಪು ಕಳಚಿ, ಬೀದಿಯಲ್ಲಿ ನಡೆಸಿ ಸೆರೆಗೆ ಹಾಕಿದರೆಂದು ಅವರ ಸಭೆಯ ಚರಿತ್ರೆಕಾರರು ಬರೆದಿದ್ದಾರೆ. ಅವರು ಕಾಲರಾ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು, ಹಸಿವಿಗೆ ಅಗ್ಗದ ಉತ್ತರವೆಂದು ಮರಗೆಣಸಿನ ಬೇಸಾಯವನ್ನು ಜನರಿಗೆ ಹೇಳಿದರು, ಪಣಜಿಯಲ್ಲಿ ದಿಕ್ಕಿಲ್ಲದವರಿಗೆ ಆಶ್ರಯ ನಡೆಸಿದರು. ಅದಕ್ಕೆ ಹಣ ಸಾಲದಾದಾಗ ಬೀದಿಯಲ್ಲಿ ಕೈಯೊಡ್ಡಿ ಬೇಡಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ಬಡವರ ನಡುವೆ ತೀರಿಕೊಂಡರು. ನೊರೊನ್ಹಾ 1936ರಲ್ಲಿ ತೀರಿಕೊಳ್ಳುವವರೆಗೂ ಬ್ರಹ್ಮಾವರದ ಜನರ ಜತೆಗಿದ್ದರು.

ಇದೇ ಅಲ್ವಾರಿಸರ ಬದುಕಿನಲ್ಲಿ ಒಂದು ವ್ಯಂಗ್ಯವೂ ಇದೆ. 1892ರ ಮೇ ತಿಂಗಳಲ್ಲಿ, ಅಂತಿಯೋಕ್ಯದ ಪಿತೃಪ್ರಧಾನರ ಅನುಮತಿಯ ಮೇರೆಗೆ, ಅವರು ಕೊಲಂಬೊದಲ್ಲಿ ರೆನೆ ವಿಲಾಟ್ ಎಂಬ ಪ್ಯಾರಿಸ್ ಮೂಲದ ಪಾದ್ರಿಗೆ ಬಿಷಪ್ ಪಟ್ಟ ಕೊಟ್ಟರು. ಅಮೆರಿಕದಲ್ಲಿ ಒಂದು ಸಣ್ಣ ಸಮುದಾಯಕ್ಕೆ ಕುರುಬನಾಗಬೇಕಿದ್ದ ಆತ ಮುಂದೆ ಯಾರ್ಯಾರಿಗೋ ಪಟ್ಟ ಹಂಚುತ್ತ ಹೋದ. ಆ ಸರಪಳಿಯಲ್ಲಿ ಅಮೆರಿಕ, ಯುರೋಪುಗಳಲ್ಲಿ ಬಿಷಪರ ಮೇಲೆ ಬಿಷಪರು ಹುಟ್ಟಿಕೊಂಡರು. ಎಷ್ಟೋ ಬಿಷಪರಿಗೆ ಮಂದೆಯೇ ಇರಲಿಲ್ಲ, ಬಿರುದು ಮಾತ್ರವಿತ್ತು. ತಮ್ಮ ಪಟ್ಟದ ಅಧಿಕೃತತೆಗೆ ಅವರು ತೋರಿಸುವ ವಂಶಾವಳಿಯಲ್ಲಿ ಇವತ್ತಿಗೂ ಅಲ್ವಾರಿಸರ ಹೆಸರು ಬರುತ್ತದೆ. ಬೇಡಿ ತಂದು ಬಡವರಿಗೆ ಉಣಿಸಿದವರ ಕೈಯಿಂದ ಹೊರಟ ಪಟ್ಟ, ಬಿರುದಿನ ಹಸಿವಿನವರ ಪಾಲಿಗೆ ಸರಕಾಯಿತು. ಮರುಭೂಮಿಯ ಸನ್ಯಾಸಿಗಳು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ವಿಲಾಟ್ ಸ್ವತಃ 1925ರಲ್ಲಿ ರೋಮಿಗೆ ಮರಳಿ, ಫ್ರಾನ್ಸಿನ ಮಠವೊಂದರ ಆಶ್ರಯದಲ್ಲಿ 1929ರಲ್ಲಿ ಸತ್ತ.

ಇಂದು ಬ್ರಹ್ಮಾವರ ಹೆಸರಿನ ಆರ್ಥಡಾಕ್ಸ್ ಧರ್ಮಪ್ರಾಂತವಿದೆ, 2010ರಲ್ಲಿ ಆದದ್ದು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯನ್ನು ಪ್ರಧಾನಾಲಯವಾಗಿ ಮಾಡಿಕೊಂಡ ಉಡುಪಿ ಕೆಥೊಲಿಕ್ ಧರ್ಮಪ್ರಾಂತ 2012ರಲ್ಲಿ ಬಂತು. ನಡುವೆ ಇರುವುದು ಸ್ವರ್ಣಾ ಹೊಳೆ ಮತ್ತು ಉಪ್ಪೂರು. ಎರಡೂ ಕಡೆ ಅದೇ ಕೊಂಕಣಿ, ಅವೇ ಮನೆತನದ ಹೆಸರುಗಳು. 1886ರ ಮುಂದಿನ ವರ್ಷಗಳನ್ನು ಒಂದು ದಡದವರು ಭಿನ್ನಮತವೆಂದು ನೆನೆಯುತ್ತಾರೆ, ಇನ್ನೊಂದು ದಡದವರು ಹಿಂಸೆಯೆಂದು ನೆನೆಯುತ್ತಾರೆ. ಎರಡೂ ಸಭೆಗಳ ಅಧ್ಯಾಪಕರು ಕೂತು ಆ ವರ್ಷಗಳ ಪತ್ರಗಳನ್ನು, ದೀಕ್ಷಾಸ್ನಾನದ ದಫ್ತರಗಳನ್ನು ಒಟ್ಟಿಗೆ ಓದಲಿ. ಎದುರಿನವರ ತಪ್ಪಿನ ಅಧ್ಯಾಯವನ್ನು ಪಕ್ಕಕ್ಕಿಟ್ಟು, ಪ್ರತಿಯೊಬ್ಬರೂ ತಂತಮ್ಮ ಹಿರಿಯರ ಅಹಂಕಾರದ ಅಧ್ಯಾಯವನ್ನು ಮೊದಲು ಬರೆಯಲಿ. ಇಂಥ ಇನ್ನೊಂದು ಉಪನ್ಯಾಸಕ್ಕೆ ವಿಷಯ ಹುಡುಕುವವರಿದ್ದರೆ, ಆ ದಫ್ತರಗಳಿಂದಲೇ ಆರಂಭಿಸಬಹುದು.